ಮಾವಿನ ನೆರಳು ಗೆಲ್ಲಿಸಿದ ಜಡ್ಜ್

ನಾನು ಕೆಲಸ ಮಾಡಿದ ಮೊದಲ ಜಡ್ಜ್ ಸಾಹೇಬರನ್ನು ಗೆಲ್ಲಿಸಿದ್ದು ಒಂದು ಮಾವಿನ ಮರ. ಸೋಲಿಸಿದ್ದೂ ಅದೇ ಮರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕೋರ್ಟಿನ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನ ಹತ್ತಿರ ಬರುವಾಗ, ಮೊನ್ನೆ ನನ್ನ ತಂಗಿಯ ಮೊಮ್ಮಗಳು ಬಂದ ಹಾಗೆ, ಮುಖದ ತುಂಬ ಭಯಭಕ್ತಿ ಇಟ್ಟುಕೊಂಡು ಬರುತ್ತಾರೆ. ಮೈ ಡಿಯರ್ ಗರ್ಲ್ಸ್, ಎತ್ತರದ ಕುರ್ಚಿಯ ಮೇಲೆ ಕೂತಿರುವುದು ಒಬ್ಬ ಮನುಷ್ಯ. ಅವರಿಗೂ ಹಸಿವಾಗುತ್ತದೆ, ತೂಕಡಿಕೆ ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ತೀರ್ಪು ಹೇಳಲು ಹೆದರಿಕೆಯಾಗುತ್ತದೆ. ನನ್ನ ಪ್ರಮೋಷನ್ನುಗಳ ಕಥೆ ವೆರಿ ಬೋರಿಂಗ್. ಅದರ ಬದಲು ಹೊಳ್ಳರ ಕಥೆ ಕೇಳಿ.

ಅದು ಯುದ್ಧದ ಕಾಲ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರ ಮೊಮ್ಮಕ್ಕಳು ಈಗಲೂ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಡುತ್ತಾರೆ. ಬಾರ್ಕೂರಿನಿಂದ ಹೊಳೆ ದಾಟಿದರೆ ಸಿಗುವ ಒಂದು ಊರು ಅಂದುಕೊಳ್ಳಿ. ಆಗ ಕುಂದಾಪುರದಲ್ಲಿ ದೊಡ್ಡ ಮುನ್ಸೀಫ್ ಕೋರ್ಟು ಇದ್ದರೂ, ದನ ಗದ್ದೆಗೆ ನುಗ್ಗಿದ್ದು, ತೆಂಗಿನಕಾಯಿ ಕದ್ದದ್ದು, ಬೇಲಿ ಸರಿಸಿದ್ದು, ಬೈದದ್ದು ಇಂಥ ಚಿಲ್ಲರೆ ಕೇಸುಗಳಿಗೆ ಊರಿನಲ್ಲೇ ಪಂಚಾಯತಿ ಕೋರ್ಟು ಇತ್ತು. ಅದರ ಜಡ್ಜ್‌ನನ್ನು ಊರವರೇ ಆರಿಸಬೇಕು. ಕಾನೂನು ಓದಿರಬೇಕೆಂಬ ಕಟ್ಟುಪಾಡಿಲ್ಲ. ಆರಿಸುವವರು ಮಾತ್ರ ತೆರಿಗೆ ಕಟ್ಟುವವರಾಗಿರಬೇಕು.

ವಾಸುದೇವ ಹೊಳ್ಳರು ಅಲ್ಲಿಯವರೇ, ಆದರೆ ಬದುಕು ಕಟ್ಟಿಕೊಂಡದ್ದು ಮದ್ರಾಸಿನಲ್ಲಿ, ಹೋಟೆಲು ಇಟ್ಟು. ಜಪಾನಿನವರು ಬಾಂಬು ಹಾಕುತ್ತಾರೆಂದು ಮದ್ರಾಸು ಖಾಲಿಯಾದಾಗ ಅವರೂ ಇಡ್ಲಿ ಪಾತ್ರೆ ಸಮೇತ ಊರಿಗೆ ಬಂದರು. ಹೋಟೆಲಿನ ಹಣದ ಗಲ್ಲೆಯ ಹಿಂದೆ ಕೂತು ಅಭ್ಯಾಸವಾದವರಿಗೆ ಸುಮ್ಮನೆ ಜಗಲಿಯಲ್ಲಿ ಕೂರುವುದು ಕಷ್ಟ. ಕೂರಲು ಒಂದು ಕುರ್ಚಿ ಬೇಕಾಗಿತ್ತು, ಪಂಚಾಯತಿ ಕೋರ್ಟಿನ ಕುರ್ಚಿ ಖಾಲಿ ಇತ್ತು. ಅವರ ಎದುರು ನಿಂತವರು ಮಂಜಯ್ಯ ಶೆಟ್ಟರು. ಊರಿನ ಅರ್ಧ ಗದ್ದೆಗಳನ್ನು ಉಳುವವರು ಅವರ ಮನೆಯ ಒಕ್ಕಲುಗಳು. ಇಂಥವರ ಎದುರು ಒಬ್ಬ ಹೋಟೆಲಿನವರು ಗೆಲ್ಲುವುದು ಇಂಪಾಸಿಬಲ್.

ಓಟಿಗೆ ಚೀಟಿ, ಪೆಟ್ಟಿಗೆ ಏನೂ ಇಲ್ಲ. ಶಾಲೆಯ ಮೈದಾನದ ನಡುವೆ ಮಾವಿನ ಮರ. ಅದರ ಬುಡದಿಂದ ಒಂದು ಹಗ್ಗ ಎಳೆದು, ಒಬ್ಬರ ಕಡೆಯವರು ಹಗ್ಗದ ಪಡುವಣಕ್ಕೆ, ಇನ್ನೊಬ್ಬರ ಕಡೆಯವರು ಮೂಡಣಕ್ಕೆ ಕೂರಬೇಕು. ಉಡುಪಿಯಿಂದ ಬರುವ ಅಧಿಕಾರಿ ತಲೆ ಎಣಿಸುತ್ತಾರೆ. ಬೆಳಗ್ಗೆ ನೆರಳು ಪಡುವಣಕ್ಕೆ ಬೀಳುತ್ತದೆಂದು ಶೆಟ್ಟರು ಆ ಬದಿಯನ್ನೇ ಹಿಡಿದರು. ಅವರ ಜನ ತಂಪಾಗಿ ಕೂತು ವೀಳ್ಯ ಹಾಕಿಕೊಂಡರು. ಮೂಡಣದ ಬಿಸಿಲಿನಲ್ಲಿ ಹೊಳ್ಳರೂ ಅವರ ಭಾವಮೈದುನನೂ ಇನ್ನು ಕೆಲವು ಬಡಪಾಯಿಗಳೂ.

ಪೆಟ್ರೋಲ್ ಇಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡುತ್ತಿದ್ದ ಕಾಲ. ಅಧಿಕಾರಿಯ ಬಸ್ಸು ಬ್ರಹ್ಮಾವರದಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಕಾದು ಕಾದು ಸಾಕಾಗಿ ಶೆಟ್ಟರು ಉಂಡು ಒಂದು ಚೂರು ಮಲಗಿ ಬರುತ್ತೇನೆಂದು ಮನೆಗೆ ಹೋದರು. ಹೊತ್ತು ಇಳಿಯಿತು, ಮರದ ನೆರಳು ಹಗ್ಗ ದಾಟಿ ಮೂಡಣಕ್ಕೆ ಸರಿಯಿತು. ನೆರಳಿನ ಹಿಂದೆಯೇ ಜನವೂ ಒಬ್ಬೊಬ್ಬರಾಗಿ ಸರಿದರು. ಒಡೆಯರ ಕಣ್ಣೆದುರು ಯಾರೂ ಏಳುತ್ತಿರಲಿಲ್ಲ. ಒಡೆಯರು ಗೊರಕೆ ಹೊಡೆಯುತ್ತಿದ್ದರು. ಅಧಿಕಾರಿ ಬಂದರು, ಎಣಿಸಿದರು, ಹೊಳ್ಳರು ಗೆದ್ದರು ಎಂದು ಬರೆದುಕೊಂಡು, ಅದೇ ಬಸ್ಸು ಮತ್ತೆ ಹೊರಡುವುದರೊಳಗೆ ಓಡಿದರು. ಕಣ್ಣುಜ್ಜಿಕೊಂಡು ಬಂದ ಶೆಟ್ಟರು ಹೇಳಿದ ಮಾತು ಊರೆಲ್ಲ ಹಬ್ಬಿತು: "ಹ್ವಾಯ್ ಹೊಳ್ರೇ, ನಿಮ್ಗ್ ಓಟ್ ಹಾಕದ್ ಸೂರ್ಯದೇವ್ರ್ ಕಾಣಿ. ಜನ ಅಲ್ಲ!"

ನಾನು ಬಂದದ್ದು ಅದಾದ ಮೇಲೆ. ನಾನು ಗಂಗೊಳ್ಳಿಯವಳು, ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಬಾರ್ಕೂರಿನ ಹತ್ತಿರ ನನ್ನ ಮಾವಶಿ, ಅಂದರೆ ಚಿಕ್ಕಮ್ಮ, ಇದ್ದರು. ಕೋರ್ಟಿನ ಗುಮಾಸ್ತ ಮಿಲಿಟರಿಗೆ ಸೇರಿ ಓಡಿಹೋಗಿದ್ದರಿಂದ, ಮಾವಶಿಯ ಮನೆಯಲ್ಲಿ ಉಳಿದುಕೊಂಡು ಆ ಕೆಲಸ ಮಾಡಬಹುದೆಂದು ಸುದ್ದಿ ಬಂತು. ಹೆಂಗಸು ಕೋರ್ಟಿನಲ್ಲಿ ಬರೆಯುವುದೇ ಎಂದು ಕೆಲವರು ಕೊಂಕು ತೆಗೆದರು. ಹೊಳ್ಳರು, "ಹೆಂಗ್ಸ್ ಬರೆದ್ರೆ ಶಾಯಿ ಬಣ್ಣ ಬದ್ಲಾತ್ತಾ?" ಎಂದು ಕೇಳಿ ಬಾಯಿ ಮುಚ್ಚಿಸಿದರು. ಗೌರವದಿಂದಲ್ಲ. ಇಂಗ್ಲಿಷ್ ಬಲ್ಲ ಗುಮಾಸ್ತೆ ಇದ್ದರೆ ಕೋರ್ಟಿಗೆ ಕಳೆ ಬರುತ್ತದೆ ಎಂದು, ಹೋಟೆಲಿಗೆ ಕನ್ನಡಿ ಹಾಕಿಸಿದ ಹಾಗೆ.

ಕಳೆ ತರಲು ನಾನೂ ಕಡಿಮೆ ಪ್ರಯತ್ನ ಮಾಡಲಿಲ್ಲ. ಕೋರ್ಟು ನಡೆಯುವುದು ಶಾಲೆಯ ಜಗಲಿಯಲ್ಲಿ. ಮೊದಲ ದಿನ ಹೊಳ್ಳರು ಒಳಗೆ ಬರುವಾಗ, ಮದರ್ ಸುಪೀರಿಯರ್ ಕ್ಲಾಸಿಗೆ ಬಂದಾಗ ಮಾಡುತ್ತಿದ್ದ ಹಾಗೆ ಗಂಟೆ ಬಾರಿಸಿ, "ಎಲ್ಲರೂ ಏಳಿ!" ಎಂದೆ. ಎಲ್ಲರೂ ಎದ್ದರು. ಊಟದ ಪಂಕ್ತಿ ಎದ್ದ ಹಾಗೆ ಎದ್ದು, ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಕೆಲವರು ಮನೆಗೇ ಹೋಗಿಬಿಟ್ಟರು. ಹೊಳ್ಳರು ಖಾಲಿ ಜಗಲಿ ನೋಡಿ, "ಬಾಯಮ್ಮ, ನಾಳಿಂದ ಗಂಟಿ ಹೊಡುದ್ ಬ್ಯಾಡ. ಇವತ್ತಿನ ಗಿರಾಕಿ ಎಲ್ಲ ಹೋಯ್ತ್" ಎಂದರು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಆ ಕಡೆ ಬಾಯಮ್ಮ ಎಂದೇ ಕರೆಯುತ್ತಿದ್ದರು. ಕಕ್ಷಿದಾರರನ್ನು ಅವರು ಕೊನೆಯ ದಿನದವರೆಗೂ ಕರೆದದ್ದು ಗಿರಾಕಿ ಎಂದೇ. ಅವರ ಅಕ್ಕಪಕ್ಕ ಇಬ್ಬರು ಮೆಂಬರುಗಳು ಕೂರುತ್ತಿದ್ದರು. ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ, ಇನ್ನೊಬ್ಬರು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಗೆದ್ದ ಮೇಲೆ ಹೊಳ್ಳರಿಗೆ ಒಂದು ಸತ್ಯ ಹೊಳೆಯಿತು. ಒಬ್ಬನನ್ನು ಗೆಲ್ಲಿಸಿದರೆ ಇನ್ನೊಬ್ಬನ ಓಟು ಹೋಗುತ್ತದೆ. ವೆರಿ ಸಿಂಪಲ್ ಅರಿತ್ಮೆಟಿಕ್. ಇದಕ್ಕೆ ಅವರು ಕಂಡುಕೊಂಡ ಉಪಾಯ ಆಣೆ. ಕೇಸು ಕರೆದ ಕೂಡಲೇ, "ದೇವಸ್ಥಾನ್ದಗ್ ಆಣಿ ಹಾಕ್ತ್ಯಾ? ಅವ ಹಾಕಿರೆ ನೀ ಒಪ್ತ್ಯಾ?" ಇಬ್ಬರೂ ಹೂಂ ಎಂದರೆ ಊರ ದೇವಸ್ಥಾನದ ನಡೆಯಲ್ಲಿ ಒಬ್ಬ ಪ್ರಮಾಣ ಮಾಡುತ್ತಿದ್ದ, ಕೇಸು ಮುಗಿಯುತ್ತಿತ್ತು. ಸಿವಿಲ್ ದಾವೆಗೆ ಕಾನೂನಿನಲ್ಲಿ ಇದಕ್ಕೆ ಅವಕಾಶವೂ ಇತ್ತು. ಕಳ್ಳತನದ ಕೇಸಿಗೆ ಇದೆಯೋ ಇಲ್ಲವೋ ನಾವು ಯಾರೂ ಪುಸ್ತಕ ತೆರೆದು ನೋಡಲಿಲ್ಲ. ಸೋತವನು ದೇವರನ್ನು ಬೈಯಬಹುದು, ಹೊಳ್ಳರನ್ನಲ್ಲ. ತಾಲೂಕಿನಲ್ಲೇ ನಮ್ಮಷ್ಟು ಬೇಗ ಕೇಸು ಮುಗಿಸುವ ಕೋರ್ಟಿಲ್ಲ ಎಂದು ಮೇಲಿನವರು ಹೊಗಳಿದರು. ಬ್ಯೂಟಿಫುಲ್.

ಆದರೆ ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ನನಗೆ ಗೊತ್ತಿರದ, ಮದ್ರಾಸಿನಲ್ಲಿ ಬದುಕಿದ ಹೊಳ್ಳರಿಗೆ ಮರೆತೇಹೋಗಿದ್ದ ಒಂದು ಸಂಗತಿ ಇತ್ತು. ನಮ್ಮ ಕಡೆ ಆಣೆ ಹಾಕಿದ ಮೇಲೆ ಆ ಎರಡು ಮನೆಗಳ ನಡುವೆ ಕೊಡುವುದು ತೆಗೆದುಕೊಳ್ಳುವುದು ನಿಂತುಹೋಗುತ್ತದೆ. ಅಲ್ಲಿಯ ನೀರು ಇಲ್ಲಿಯವರು ಮುಟ್ಟುವುದಿಲ್ಲ, ಇಲ್ಲಿಯ ಬೆಂಕಿ ಅಲ್ಲಿಗೆ ಹೋಗುವುದಿಲ್ಲ. ಆಣೆ ನಿಜವೇ ಆಗಿದ್ದರೂ ಅಷ್ಟೇ. ಇಬ್ಬರೂ ಜೊತೆಯಾಗಿ ದೇವಸ್ಥಾನಕ್ಕೆ ಹೋಗಿ ಅದನ್ನು ಬಿಡಿಸಿಕೊಳ್ಳಬೇಕು. ಮೊದಲು ಹೋಗಿ ಕರೆಯುವವರು ಯಾರು? ಯಾರೂ ಇಲ್ಲ.

ಒಂದು ಮಳೆಗಾಲ ಕಳೆಯುವುದರೊಳಗೆ ಊರು ಜಡೆ ಸಿಕ್ಕಾದ ಹಾಗೆ ಆಗಿಹೋಯಿತು. ಕ್ಷೌರದವನು ಒಂದು ಕೇರಿಯವರ ಜೊತೆಗಿನ ಬೇಲಿಯ ಕೇಸಿನಲ್ಲಿ ಆಣೆ ಹಾಕಿದ್ದರಿಂದ ಆ ಇಡೀ ಕೇರಿಯ ಗಂಡಸರು ಋಷಿಗಳಂತೆ ಗಡ್ಡ ಬಿಟ್ಟುಕೊಂಡು ತಿರುಗಿದರು, ನಮ್ಮ ಕಿವುಡು ಮೆಂಬರೂ ಸೇರಿ. ಒಂದು ಮದುವೆಯಲ್ಲಿ ಎಲೆ ಹಾಕಿದ ಮೇಲೆ ಅವನಿದ್ದರೆ ನಾನು ಕೂರೆ, ಇವನಿದ್ದರೆ ನಾನು ಕೂರೆ ಎಂದು ಶುರುವಾಗಿ, ಪಾಯಸ ಆರಿ ಕೆನೆಗಟ್ಟಿತು. ದೇವಸ್ಥಾನದ ಭಟ್ಟರು ಕೋರ್ಟಿಗೇ ಬಂದು ಗೋಳಾಡಿದರು: "ಹೊಳ್ರೇ, ಈಗ ದೇವಸ್ಥಾನಕ್ಕೆ ಬಪ್ಪುಕೆ ಜನ ಹೆದ್ರತ್ರ್. ಹಣ್ಣುಕಾಯಿ ಮಾಡ್ಸುಕೆ ಬಂದರನ್ನೂ ಎಂತ ಕೇಸ್ ಅಂತ ಕೇಂತ್ರ್. ನಿಮ್ಮ ಕೋರ್ಟ್ ನೀವೇ ಇಟ್ಕಣಿ ಮಾರಾಯ್ರೆ!" ಹೊಳ್ಳರು ನಕ್ಕು ಅವರನ್ನು ಕಾಫಿ ಕೊಟ್ಟು ಕಳಿಸಿದರು.

ಇಂಥ ಹೊತ್ತಿನಲ್ಲಿ ಬಂತು ಶೆಟ್ಟರ ಗಿಂಡಿಯ ಕೇಸು.

ಗಿಂಡಿ ಅಂದರೆ ಮೂತಿ ಇರುವ ಕಂಚಿನ ಚೆಂಬು, ಬಂದವರಿಗೆ ನೀರು ಕೊಡುವುದಕ್ಕೆ. ಶೆಟ್ಟರ ಮನೆಯ ಹಳೆಯ ಗಿಂಡಿ ಅಂಗಳದಿಂದ ಕಾಣೆಯಾಯಿತು. ಅದಕ್ಕೆ ಮೊದಲು ಅಂಗಳಕ್ಕೆ ಬಂದು ಹೋದವಳು ಮೀನಿನ ಚಿಕ್ಕು. ಕಡಲ ತೀರದಿಂದ ಬುಟ್ಟಿ ಹೊತ್ತು, ದೋಣಿ ದಾಟಿ, ಮನೆಮನೆಗೆ ಬಂಗುಡೆ, ಬೂತಾಯಿ ಮಾರುವ ಗಟ್ಟಿ ದನಿಯ ಹೆಂಗಸು. ಗಂಡನನ್ನು ಕಡಲು ತೆಗೆದುಕೊಂಡಿತ್ತು, ಮನೆಯಲ್ಲಿ ಮಕ್ಕಳಿದ್ದರು. ಶೆಟ್ಟರು ಕಳ್ಳತನದ ದೂರು ಕೊಟ್ಟರು. ಕಳ್ಳಿ ಎಂದು ಒಮ್ಮೆ ಹೆಸರು ಬಿದ್ದರೆ ಯಾವ ಮನೆಯವರೂ ಅವಳನ್ನು ಅಂಗಳಕ್ಕೆ ಬಿಡುವುದಿಲ್ಲ. ಅಂಗಳ ಇಲ್ಲದಿದ್ದರೆ ಮೀನು ಮಾರುವುದೆಲ್ಲಿ?

ಆ ದಿನ ಜಗಲಿ ತುಂಬಿತ್ತು. ಶೆಟ್ಟರು ಬೀಸಣಿಗೆ ಬೀಸಿಕೊಳ್ಳುತ್ತ ಶುರುಮಾಡಿದರು. "ಹೊಳ್ರೇ, ಸುಮ್ನೆ ಹೊತ್ತ್ ಕಳುದ್ ಬ್ಯಾಡ. ನಿಮ್ಮ ಪದ್ಧತಿ ಊರಿಗೇ ಗೊತ್ತಿತ್ತಲೆ. ಇವ್ಳ್ ದೇವಸ್ಥಾನ್ದಗ್ ಆಣಿ ಹಾಕ್ಲಿ. ಹಾಕಿರೆ ನಾನ್ ಕೇಸ್ ಬಿಡ್ತೆ."

ಹೊಳ್ಳರ ಮುಖ ಅರಳಿತು. "ಕೇಂಡ್ಯಾ ಚಿಕ್ಕು? ಶೆಟ್ರ್ ದೊಡ್ಡ ಮನಸ್ ಮಾಡೀರ್. ಒಂದ್ ಆಣಿ ಹಾಕ್, ಮನಿಗ್ ಹೋಗ್."

"ನಾನ್ ಹಾಕುದಿಲ್ಲೆ" ಎಂದಳು ಚಿಕ್ಕು.

ಜಗಲಿಯಲ್ಲಿ ಗುಸುಗುಸು ಎದ್ದಿತು. ನಾನು, "ಸೈಲೆನ್ಸ್!" ಎಂದೆ. ಆ ಪದ ಯಾರಿಗೂ ಅರ್ಥವಾಗದಿದ್ದರಿಂದ ಎಲ್ಲರೂ ಸುಮ್ಮನಾದರು.

"ಹಾಂಗಾರೆ ಕದ್ದದ್ ಹೌದಾ?" ಹೊಳ್ಳರು ಕೇಳಿದರು.

"ಕದೀಲಿಲ್ಲೆ ಅಯ್ಯಾ. ಅವ್ರ ಗಿಂಡಿ ತಕಂಡ್ ನಾನ್ ಎಂತ ಮಾಡುದ್, ಅದ್ರಗ್ ಮೀನ್ ಸಾರ್ ಮಾಡುದಾ?"

"ಕದೀದಿರೆ ಆಣಿ ಹಾಕುಕೆ ಎಂತ ದಾಡಿ?"

"ಆಣಿ ಹಾಕಿರೆ ನಾಳಿಂದ ಆ ಮನಿ ಅಂಗಳಕ್ಕ್ ನಾನ್ ಬುಟ್ಟಿ ಇಳ್ಸುಕಾತ್ತಾ? ಸುಳ್ಳ್ ಹೇಳಿರೂ ಬಾಗ್ಲ್ ಮುಚ್ತ್, ಸತ್ಯ ಹೇಳಿರೂ ಬಾಗ್ಲ್ ಮುಚ್ತ್. ಈಗ್ಲೇ ಊರಂಗೆ ಅವ್ರ ಮನಿ ನೀರ್ ಇವ್ರಿಗಿಲ್ಲೆ, ಇವ್ರ ಮನಿದ್ ಅವ್ರಿಗಿಲ್ಲೆ. ನಾನೂ ಆಣಿ ಹಾಕ್ತಾ ಕೂತ್ರೆ ಮೀನ್ ಕಾಕಿಗ್ ಮಾರುದಾ?"

"ಅದೆಲ್ಲ ನಂಗೆ ಗೊತ್ತಿಲ್ಲೆ. ದೇವ್ರ್ ತೀರ್ಮಾನ ಮಾಡ್ಲಿ."

"ಎಲ್ಲ ದೇವ್ರೇ ಮಾಡುದಾರೆ ನಿಮ್ಮನ್ನ್ ಅಲ್ಲ್ ಕೂರ್ಸದ್ ಎಂತಕ್ಕೆ? ಕದ್ಲಾ, ಇಲ್ಯಾ, ನೀವ್ ಹೇಳಿ. ಇಲ್ದಿರೆ ಇಳೀರಿ, ಆ ಕುರ್ಚಿ ಭಟ್ರಿಗ್ ಕೊಡಿ."

ಶೆಟ್ಟರ ಬೀಸಣಿಗೆ ನಿಂತಿತು. "ಹ್ವಾಯ್, ಯಾರ ಹತ್ರ ಮಾತಾಡುದ್ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತ್ ಒಡಿಯಾ. ನಂಗೆ ಓಟಿಲ್ಲೆ. ಹಾಂಗಾಯಿ ಹೆದ್ರಿಕಿಯೂ ಇಲ್ಲೆ."

ನಾನು ಆಮೇಲೆ ಕುಂದಾಪುರದ ಮುನ್ಸೀಫ್ ಕೋರ್ಟಿನಲ್ಲಿ ದೊಡ್ಡ ದೊಡ್ಡ ವಕೀಲರ ವಾದ ಬರೆದುಕೊಂಡಿದ್ದೇನೆ. ಕನ್ನಡವೇ ಬಾರದ ಒಬ್ಬ ಮುನ್ಸೀಫರಿಗೆ, ಸಾಕ್ಷಿಯವನು ಕರೆದ "ಹ್ವಾಯ್" ಎಂದರೆ "ಮೈ ಲಾರ್ಡ್" ಎಂದು ತರ್ಜುಮೆ ಮಾಡಿಕೊಟ್ಟು, ಅವರು ಸಂತೋಷದಿಂದ ತಲೆದೂಗಿದ್ದನ್ನೂ ಕಂಡಿದ್ದೇನೆ. ಆದರೆ ಚಿಕ್ಕುವಿನಷ್ಟು ನೇರವಾಗಿ ಒಬ್ಬ ಜಡ್ಜ್‌ಗೆ ಅವರ ಕೆಲಸ ಏನೆಂದು ಹೇಳಿದವರನ್ನು ಮತ್ತೆ ಕಾಣಲಿಲ್ಲ.

ಹೊಳ್ಳರು ಕೇಸನ್ನು ಮುಂದಿನ ವಾರಕ್ಕೆ ಹಾಕಿ ಎದ್ದರು. ಎಲ್ಲರೂ ಹೋದ ಮೇಲೆ ಜಗಲಿಯ ಕಂಬಕ್ಕೆ ಒರಗಿ ಕೂತು ಕೇಳಿದರು: "ಬಾಯಮ್ಮ, ನಿಮ್ಮ ಕಾನ್ವೆಂಟಂಗೆ ಯಾರ್ ಕದ್ದದ್ ಗೊತ್ತಾದಿರೆ ಎಂತ ಮಾಡ್ತ್ರ್?"

"ಮದರ್ ಸುಪೀರಿಯರ್ ಇಡೀ ಕ್ಲಾಸನ್ನು ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು."

"ಶೆಟ್ರನ್ನ್ ನಿಲ್ಸುಕಾತಿಲ್ಲೆ" ಎಂದು ನಿಟ್ಟುಸಿರಿಟ್ಟರು. ಆಮೇಲೆ, "ಹೋಟ್ಲಂಗೆ ಎಷ್ಟೋ ಸಲ ಲೋಟ ಕಾಣಿ ಆಯ್ತ್. ನಾನ್ ಯಾವ ಗಿರಾಕಿಯನ್ನೂ ಹಿಡೀಲಿಲ್ಲೆ" ಎಂದರು. ಯಾರಿಗೆ ಹೇಳಿದರೋ, ನನಗಂತೂ ಅಲ್ಲ. ಬೋಳು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತ ಆ ಮನುಷ್ಯನನ್ನು ನೋಡಿ ನನಗೆ ಮೊದಲ ಸಲ ಅಯ್ಯೋ ಅನ್ನಿಸಿತು. ಒಂದು ಕಡೆ ಊರಿನ ಅರ್ಧ ಓಟು. ಇನ್ನೊಂದು ಕಡೆ ಓಟೇ ಇಲ್ಲದ ಒಬ್ಬ ಹೆಂಗಸು.

ಮುಂದಿನ ವಾರ ಜಗಲಿಯಲ್ಲಿ ಜಾಗವಿಲ್ಲದೆ ಜನ ಕಿಟಕಿಗೆ ಜೋತುಬಿದ್ದಿದ್ದರು. ಹೊಳ್ಳರು ಶೆಟ್ಟರನ್ನು ಎದುರಿಗೆ ನಿಲ್ಲಿಸಿ ಕೇಳಿದರು. ನಿಲ್ಲಿಸಿ! ನಾನು ಅದನ್ನೂ ಬರೆದುಕೊಂಡೆ.

"ಚಿಕ್ಕು ಗಿಂಡಿ ತಕಂಡದ್ ಕಂಡರ್ ಯಾರ್?"

"ಕಾಂಬುಕೆ ಎಂತ ಇತ್ತ್? ಅವ್ಳ್ ಬಂದ್ಳ್, ಹೋದ್ಳ್. ಗಿಂಡಿ ಇಲ್ಲೆ."

"ಗಿಂಡಿ ಕಡಿಗ್ ಕಂಡದ್ ಯಾರ್?"

"ನಮ್ಮ ಅಕ್ಕಯ್ಯ. ಬಾವಿಕಟ್ಟಿ ಮೇಲೆ ಇತ್ತಂಬ್ರ್." ಶೆಟ್ಟರ ಅಕ್ಕ ಸಂಕಮ್ಮ ಶೆಡ್ತಿ ಆ ಮನೆಯ ನಿಜವಾದ ಯಜಮಾನಿ. ಬಂಟರಲ್ಲಿ ಮನೆ ಹೆಣ್ಣುಮಕ್ಕಳದು, ಗಂಡಸರ ಪಾಲಿಗೆ ಮೀಸೆ ತಿರುವುವ ಕೆಲಸ.

"ಅವ್ರನ್ನ್ ಸಾಕ್ಷಿಗೆ ಕರೀರಿ."

"ನಮ್ಮನಿ ಹೆಂಗ್ಸ್ರ್ ಕೋರ್ಟ್ ಮೆಟ್ಲ್ ಹತ್ತುದಿಲ್ಲೆ."

"ಆಯ್ತ್. ಬಾವಿ ಕಂಡ್ರ್ಯಾ?"

"ಎಂತ?"

"ಬಾವಿ, ಬಾವಿ. ಹೋಟ್ಲಂಗೆ ಲೋಟ ಕಾಣದಿರೆ ನಾವ್ ಮೊದ್ಲ್ ನೀರಿನ ತೊಟ್ಟಿ ಕಾಂಬುದ್. ಕಡಿಗ್ ಗಿರಾಕಿ ಮುಖ ಕಾಂಬುದ್. ಬಾವಿಕಟ್ಟಿ ಮೇಲಿದ್ದ ಗಿಂಡಿ ಬಾವಿಗ್ ಬಿದ್ದಿಲ್ಲೆ ಅಂತ ಕಂಡ್ರ್ಯಾ?"

"ಮೀನಿನವ್ಳ ಮಾತಿಗ್ ನಮ್ಮನಿ ಬಾವಿ ಹುಡ್ಕುಕೆ ನೀವ್ಯಾರ್?"

ಹೊಳ್ಳರು ಬೆವರು ಒರೆಸಿಕೊಂಡರು. "ನಾನ್ ಜಡ್ಜ್ ಅಲ್ದಾ ಶೆಟ್ರೇ" ಎಂದರು, ತಮಗೇ ಆಗ ನೆನಪಾದವರ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಬರ್ಕಣಿ ಬಾಯಮ್ಮ. ಕಂಡರಿಲ್ಲೆ, ಹುಡ್ಕಿಲ್ಲೆ. ಕದ್ದದ್ ಅಂತ ಹೇಳುಕೆ ಆಧಾರ ಇಲ್ಲೆ. ಕೇಸ್ ವಜಾ." ಅವರು ದೇವರ ಸಹಾಯವಿಲ್ಲದೆ ಹೇಳಿದ ಮೊದಲ ತೀರ್ಪು ಅದು.

ಚಿಕ್ಕು ಕೈಮುಗಿಯಲಿಲ್ಲ, ಕಣ್ಣೀರು ಹಾಕಲಿಲ್ಲ. "ಹಾಂಗಾರೆ ನಾನ್ ಬತ್ತೆ. ಮೀನ್ ಹಾಳಾತ್ತ್" ಎಂದು ಬುಟ್ಟಿ ತಲೆಗೇರಿಸಿ ನಡೆದಳು.

ಮರುದಿನ ಅವಳು ನೆಟ್ಟಗೆ ಹೋದದ್ದು ಶೆಟ್ಟರ ಮನೆಗೇ. ಅಂಗಳದಲ್ಲಿ ಬುಟ್ಟಿ ಇಳಿಸಿ, "ಅಕ್ಕಯ್ಯಾ, ಬಂಗ್ಡಿ ಇತ್ತ್!" ಎಂದು ಕೂಗಿದಳಂತೆ. ಶೆಟ್ಟರು ಗೋಡೆಯ ಕಡೆ ಮುಖ ತಿರುಗಿಸಿದರು. ಆದರೆ ಬರಬೇಡ ಎನ್ನಲು ನಡುವೆ ಆಣೆ ಇರಲಿಲ್ಲ, ತೀರ್ಪು ಅವಳ ಪರವಾಗಿತ್ತು, ಬಂಗುಡೆಯೂ ಫ್ರೆಶ್ ಆಗಿತ್ತು. ಸಂಕಮ್ಮ ಶೆಡ್ತಿ ಹೊರಗೆ ಬಂದು, ಮೀನು ಆರಿಸಿ ಮೊರದಲ್ಲಿ ಅಕ್ಕಿ ತಂದು ಸುರಿದರು. ನೀರು ಮಾತ್ರ ಕೊಡಲಿಲ್ಲ. ಕೊಡುವುದಕ್ಕೆ ಗಿಂಡಿ ಇರಲಿಲ್ಲವಲ್ಲ, ಎಂದು ಚಿಕ್ಕು ನಕ್ಕಳು.

ಅದಾದ ಮೇಲೆ ಹೊಳ್ಳರು ಆಣೆಯ ಸುದ್ದಿ ಎತ್ತಲಿಲ್ಲ. ಕೇಳಿದರು, ತಡವರಿಸಿದರು, ಕೆಲವು ಸಲ ತಪ್ಪಿದರು, ಆದರೆ ತಾವೇ ಹೇಳಿದರು. ಸೋತ ಪ್ರತಿಯೊಬ್ಬನೂ ಅವರನ್ನು ಬೈದುಕೊಂಡೇ ಮನೆಗೆ ಹೋದ. ನಿಧಾನವಾಗಿ ಜನ ಹಳೆಯ ಆಣೆಗಳನ್ನೂ ಬಿಡಿಸಿಕೊಂಡರು. ಜಡ್ಜ್‌ನನ್ನು ಬೈಯುವುದರಲ್ಲಿ ಎರಡೂ ಕಡೆಯವರು ಒಂದಾದರು ನೋಡಿ. ಮೊದಲು ಸರಿಹೋದದ್ದು ಕ್ಷೌರದವನದು. ನಮ್ಮ ಮೆಂಬರ ಗಲ್ಲ ಎಷ್ಟು ಚಿಕ್ಕದು ಎಂದು ಆಗ ಗೊತ್ತಾಯಿತು.

ಮತ್ತೆ ಚುನಾವಣೆ ಬಂತು. ಅದೇ ಮೈದಾನ, ಅದೇ ಮರ, ಅದೇ ಹಗ್ಗ. ಶೆಟ್ಟರು ಪಡುವಣದಲ್ಲಿ, ಹೊಳ್ಳರು ಮೂಡಣದಲ್ಲಿ. ಈ ಸಲ ಯುದ್ಧ ಮುಗಿದಿತ್ತು, ಪೆಟ್ರೋಲ್ ಬಂದಿತ್ತು, ಅಧಿಕಾರಿ ಬೆಳಗ್ಗೆಯೇ ಬಂದಿಳಿದರು. ಶೆಟ್ಟರಿಗೆ ನಿದ್ದೆ ಮಾಡಲು ಪುರಸೊತ್ತೇ ಸಿಗಲಿಲ್ಲ. ಹೊಳ್ಳರು ಸೋತರು. ಬಿಸಿಲಿನಲ್ಲಿ ಅವರ ಜೊತೆ ಕೂತವರು ಹಿಂದಿನ ಚುನಾವಣೆಯ ಬೆಳಗ್ಗಿಗಿಂತ ಹೆಚ್ಚು ಮಂದಿ ಇದ್ದರು ಎಂದು ಅದನ್ನು ಕಂಡವರು ನನಗೆ ಹೇಳಿದರು. ಕ್ಷೌರದವನೂ ಇದ್ದ. ಚಿಕ್ಕು ಬೇಲಿಯ ಹೊರಗೆ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಅವಳನ್ನು ಯಾರೂ ಎಣಿಸಲಿಲ್ಲ.

ಶೆಟ್ಟರು ಬಂದ ಮೇಲೆ ಗುಮಾಸ್ತನ ಕೆಲಸ ಅವರ ಅಳಿಯನಿಗೆ ಹೋಯಿತು, ನ್ಯಾಚುರಲಿ. ನಾನು ಕುಂದಾಪುರದ ಮುನ್ಸೀಫ್ ಕೋರ್ಟಿಗೆ ಟೈಪಿಸ್ಟ್ ಆಗಿ ಸೇರಿದೆ. ಹೊಳ್ಳರೂ ಕುಂದಾಪುರಕ್ಕೇ ಬಂದು ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಹೋಟೆಲು ತೆರೆದರು. ಅಲ್ಲಿ ವಕೀಲರು ಬಂದು ಜಡ್ಜರನ್ನು ಬೈಯುವುದನ್ನು ಅವರು ಬಹಳ ಆನಂದದಿಂದ ಕೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಾನು ಮಾವಶಿಯ ಮನೆಗೆ ಹೋಗಿದ್ದಾಗ ಹೊಳೆ ದಾಟುವ ದೋಣಿಯಲ್ಲಿ ಚಿಕ್ಕು ಸಿಕ್ಕಳು. ಖಾಲಿ ಬುಟ್ಟಿ ಮಗುಚಿಕೊಂಡು ಕೂತಿದ್ದವಳು ನನ್ನ ಹತ್ತಿರ ಸರಿದು, ಯಾವತ್ತೂ ಇಲ್ಲದ ಮೆಲುದನಿಯಲ್ಲಿ ಹೇಳಿದಳು: "ಬಾಯಮ್ಮ, ಶೆಟ್ರ ಮನಿ ಬಾವಿ ನೀರ್ ತೆಗ್ದ್ ಕೆಸ್ರ್ ಎತ್ತೀರ್ ಅಂಬ್ರ್."

"ಮತ್ತೆ?"

"ಮತ್ತೆಂತ. ಯಾರೂ ಎಂತದೂ ಹೇಳಿಲ್ಲೆ. ನಿನ್ನೆ ಹೋದಾಗ ಅಕ್ಕಯ್ಯ ಒಳಗಿಂದ ನೀರ್ ತಂದ್ರ್. ಬೊಗ್ಸಿ ಒಡ್ಡು ಅಂದ್ರ್. ಒಡ್ಡಿದೆ. ಮೇಲೆ ಕಾಂತೆ, ಅದೇ ಗಿಂಡಿ. ಹುಣ್ಸಿಹಣ್ಣ್ ಹಾಕಿ ತಿಕ್ಕಿ ತಿಕ್ಕಿ ಬಂಗಾರ ಮಾಡೀರ್. ಅರ್ಧ ನೀರ್ ನನ್ನ ಮೊಣಕೈ ಮೇಲೆ ಬಿತ್ತ್."

"ನೀನೇನು ಹೇಳಿದೆ?"

"ಇನ್ನೊಂಚೂರ್ ಹೊಯ್ಯಿ ಅಂದೆ" ಎಂದು ಚಿಕ್ಕು ಹೊಳೆಯ ಕಡೆ ನೋಡಿದಳು.

ಕುಂದಾಪುರಕ್ಕೆ ಮರಳಿದವಳೇ ನಾನು ಹೊಳ್ಳರ ಹೋಟೆಲಿಗೆ ಓಡಿದೆ. ಕಾನ್ವೆಂಟಿನಲ್ಲಿ ಓದಿದ ಹೆಣ್ಣು ಒಬ್ಬಳೇ ಹೋಟೆಲಿಗೆ ನುಗ್ಗುವುದು ಆಗ ದೊಡ್ಡ ಸ್ಕ್ಯಾಂಡಲ್. ಇರಲಿ. ಎಲ್ಲವನ್ನೂ ಹೇಳಿದೆ. ಹೊಳ್ಳರು ಗಲ್ಲೆಯ ಹಿಂದೆ ಕೂತು, ಕಾಫಿ ಲೋಟ ಒರೆಸುವುದನ್ನೂ ನಿಲ್ಲಿಸಿ ಕೇಳಿದರು.

"ಹಾಂಗಾರೆ ಬಾಯಮ್ಮ, ನಾನ್ ಒಂದ್ ಕೇಸಾರೂ ಸರಿ ಮಾಡ್ದೆ."

"ಒಂದೇ ಯಾಕೆ ಸರ್, ಅದಕ್ಕೆ ಮೊದಲು ಎಷ್ಟೊಂದು ಮುಗಿಸಿದ್ದಿರಿ."

"ಅದೆಲ್ಲ ದೇವ್ರ್ ಮಾಡದ್ದ್" ಎಂದರು ಹೊಳ್ಳರು. "ತಪ್ಪಿದ್ರೆ ಅವನನ್ನೇ ಕೇಣಿ." ಹಾಗೆಂದು, ನನಗೊಂದು ಕಾಫಿ ಹೇಳಿ, ಆ ಲೋಟವನ್ನು ಮತ್ತೆ ಒರೆಸತೊಡಗಿದರು.